ಮತ್ತಿನ ಡಾಕ್ಟ್ರಮ್ಮ ಮಾತಿಗೆ ಕುಳಿತದ್ದು

ನನ್ನ ಹುದ್ದೆಯ ಹೆಸರು ಅರಿವಳಿಕೆ ತಜ್ಞೆ. ಆ ಹೆಸರು ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ಇತ್ತು. ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಕೊನೆಗೆ ಚಿಕ್ಕಬಳ್ಳಾಪುರ, ಹೀಗೆ ಎಲ್ಲಿಗೆ ವರ್ಗವಾದರೂ ಜನ ನನ್ನನ್ನು ಕರೆದದ್ದು ‘ಮತ್ತಿನ ಡಾಕ್ಟ್ರಮ್ಮ’ ಎಂದೇ. ಹೊಟ್ಟೆ ಕೊಯ್ದು ಹೊಲಿದ ಡಾಕ್ಟರ ಹೆಸರನ್ನು ರೋಗಿ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾನೆ. ಮತ್ತಿನ ಮದ್ದು ಕೊಟ್ಟವರ ಮುಖ ಮಾತ್ರ ಅವನಿಗೆ ನೆನಪಿರುವುದಿಲ್ಲ. ನೆನಪಿಲ್ಲದಿದ್ದರೆ ನಮ್ಮ ಕೆಲಸ ಸರಿಯಾಗಿ ಆಗಿದೆ ಎಂದು ಅರ್ಥ. ನನ್ನ ವೃತ್ತಿಯ ಬಹುಪಾಲು ಹೀಗೆ ಯಾರ ನೆನಪಿನಲ್ಲೂ ಉಳಿಯದೆ ಕಳೆಯಿತು, ಅದರ ಬಗ್ಗೆ ಬೇಸರವೇನೂ ಇಲ್ಲ.

ಈಚೆಗೆ ನನ್ನ ಅಣ್ಣನ ಮೊಮ್ಮಗಳು ಇದೇ ವಿಷಯ ಓದಲು ಸೇರಿದಳು. ಒಂದು ದಿನ ಫೋನ್ ಮಾಡಿ, “ಅಜ್ಜಿ, ಕೆಟಮಿನ್ ಈಗ ಡಿಪ್ರೆಶನ್‌ಗೂ ಕೊಡ್ತಾರಂತಲ್ಲ, ನೀವು ಕೊಟ್ಟಿದೀರಾ?” ಎಂದಳು. ಕೊಟ್ಟಿದ್ದೇನೆ ಎಂದೆ. “ಹೇಗಿರುತ್ತೆ?” ಎಂದಳು. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅವಳಿಗೂ ಅವಳಂಥ ಹೊಸಬರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಮ್ಮ ಧೈರ್ಯವೆಲ್ಲ ಕೆಟಮಿನ್ ಎಂಬ ಮತ್ತಿನ ಮದ್ದೊಂದರ ಮೇಲೇ ನಿಂತಿತ್ತು. ಕರೆಂಟು ಹೋಗಲಿ, ಆಮ್ಲಜನಕದ ಸಿಲಿಂಡರ್ ಬರುವುದು ತಡವಾಗಲಿ, ಅದು ಕೈಬಿಡುತ್ತಿರಲಿಲ್ಲ. ಬೇರೆ ಮದ್ದುಗಳು ನೋವಿನ ಜೊತೆಗೆ ಉಸಿರನ್ನೂ ಮಲಗಿಸಿಬಿಡುತ್ತವೆ. ಇದು ಬಹುಮಟ್ಟಿಗೆ ಉಸಿರನ್ನು ಅದರ ಪಾಡಿಗೆ ಬಿಡುತ್ತದೆ. ಎಷ್ಟೋ ತಾಯಂದಿರೂ ಮಕ್ಕಳೂ ಅದರಿಂದ ಬದುಕಿ ಮನೆಗೆ ಹೋದರು.

ತೊಂದರೆಯೆಲ್ಲ ರೋಗಿ ಏಳುವಾಗ. ಅರೆ ಎಚ್ಚರದಲ್ಲಿ ಜನ ಏನೇನೋ ಕಾಣುತ್ತಿದ್ದರು, ಬಡಬಡಿಸುತ್ತಿದ್ದರು. ಆಂಧ್ರದ ಗಡಿಯ ಕಡೆಯ ಹೆಂಗಸೊಬ್ಬಳು ಕಾಲಿನ ಹುಣ್ಣು ಕೊಯ್ಯಿಸಿಕೊಂಡು ಏಳುತ್ತ ತೆಲುಗಿನಲ್ಲಿ ಜೋಗುಳ ಹಾಡಿದಳು. ಗಟ್ಟಿಮುಟ್ಟಾದ ಲಾರಿ ಡ್ರೈವರೊಬ್ಬ ಫ್ಯಾನನ್ನೇ ದಿಟ್ಟಿಸುತ್ತ, “ಇಳಿಸ್ರೋ ನನ್ನ, ಯಾರಾದ್ರೂ ಇಳಿಸ್ರೋ” ಎಂದು ಅತ್ತ. ನಮ್ಮ ಸರ್ಜನ್ ಡಾಕ್ಟರ್ ಚಂದ್ರಶೇಖರ್ ಅವರಿಗೆ ಇದು ಆಗುತ್ತಿರಲಿಲ್ಲ. ಕೆಲಸದಲ್ಲಿ ಬಂಗಾರದ ಕೈ, ಬಾಯಿ ಮಾತ್ರ ಬೆಂಕಿ. “ಮತ್ತು ಕೊಡೋದು ನಿಮ್ಮ ಕೆಲಸ ಕಣಮ್ಮ, ಕಥೆ ಕೇಳೋದಲ್ಲ. ಇನ್ನೊಂದು ಸೂಜಿ ಹಾಕಿ ಮಲಗ್ಸಿ” ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು.

ಆ ಕಾಲದ ಒಬ್ಬ ಮುದುಕ ನೆನಪಿನಲ್ಲಿದ್ದಾನೆ. ವಿದುರಾಶ್ವತ್ಥದ ಕಡೆಯವನು. ಎತ್ತು ತಳ್ಳಿ ಭುಜದ ಕೀಲು ತಪ್ಪಿತ್ತು. ಕೆಟಮಿನ್ ಕೊಟ್ಟು ಕೀಲು ಕೂರಿಸಿದೆವು. ತಿಂಗಳು ಕಳೆದ ಮೇಲೆ ತೋರಿಸಲು ಬಂದವನು ಭುಜದ ಮಾತೇ ಎತ್ತಲಿಲ್ಲ. “ಹೆಂಡ್ತಿ ಹೋದಾಗಿಂದ ಎದೆ ಮೇಲೆ ಕಲ್ಲು ಹೇರ್ದಂಗಿತ್ತು ಕಣಮ್ಮ. ನೀನು ಸೂಜಿ ಹಾಕಿದ್ಮೇಲೆ ಒಂದು ವಾರ ಅದು ಇರ್ಲಿಲ್ಲ. ಊಟ ಸೇರ್ತು. ಈಗ ಮತ್ತೆ ಬಂದು ಕೂತೈತೆ. ಇನ್ನೊಂದು ಸೂಜಿ ಹಾಕ್ತೀಯಾ?” ಎಂದ. ನೋವು ಇಳಿದದ್ದಕ್ಕೆ ಹಾಗನಿಸಿರಬೇಕು ಎಂದುಕೊಂಡು ನಾನು ನಕ್ಕು ಸಮಾಧಾನ ಹೇಳಿ ಕಳುಹಿಸಿದೆ. ನಾವು ಓದಿದ ಯಾವ ಪಾಠದಲ್ಲೂ ಅವನ ಮಾತಿಗೆ ಜಾಗವಿರಲಿಲ್ಲ.

ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಇದೇ ಚಂದ್ರಶೇಖರ್ ತೆರೆದಿದ್ದ ನರ್ಸಿಂಗ್ ಹೋಮಿಗೆ ಹೋಗತೊಡಗಿದೆ. ಅಲ್ಲಿಗೆ ವಾರಕ್ಕೆ ಕೆಲವು ದಿನ ಸುಹಾಸ್ ಎಂಬ ಯುವಕ, ಮನೋವೈದ್ಯ, ಬರುತ್ತಿದ್ದ. ಚಿಂತಾಮಣಿಯ ಹುಡುಗ, ಮೆಲುಮಾತಿನವನು. ಒಂದು ಮಧ್ಯಾಹ್ನ ಚಹಾ ಕುಡಿಯುವಾಗ ಪಕ್ಕಕ್ಕೆ ಬಂದು ಕುಳಿತ.

“ಮೇಡಂ, ನಿಮ್ಮ ಹಳೇ ಸ್ನೇಹಿತರೊಬ್ಬರನ್ನ ನನಗೆ ಸ್ವಲ್ಪ ಪರಿಚಯ ಮಾಡ್ಕೊಡ್ತೀರಾ?”

“ಯಾರಪ್ಪ ಅದು?”

“ಕೆಟಮಿನ್.”

ಅವನು ವಿವರಿಸಿದ. ಖಿನ್ನತೆ ಬಂದ ಕೆಲವರಿಗೆ ಯಾವ ಮಾತ್ರೆಯೂ ನಾಟುವುದಿಲ್ಲ. ಮಾತ್ರೆ ನಾಟುವವರಿಗೂ ವಾರಗಟ್ಟಲೆ ಕಾಯಬೇಕು. ಸಾಯುವ ಯೋಚನೆಯಲ್ಲೇ ಇರುವವರು ಅಷ್ಟು ದಿನ ಕಾಯುವುದು ಹೇಗೆ? ಕೆಟಮಿನ್ನನ್ನು ಸ್ವಲ್ಪವೇ ಪ್ರಮಾಣದಲ್ಲಿ, ನಿಧಾನವಾಗಿ ಡ್ರಿಪ್ಪಿನಲ್ಲಿ ಕೊಟ್ಟರೆ ಅಂಥವರಲ್ಲಿ ಕೆಲವರಿಗೆ ಅದೇ ದಿನ ಭಾರ ಇಳಿಯುತ್ತದೆ. ಆದರೆ ಆ ಗುಣ ಅದರಷ್ಟಕ್ಕೆ ನಿಲ್ಲುವುದಿಲ್ಲ. ಮನಸ್ಸು ಹಗುರವಾಗಿರುವ ಆ ಕೆಲವು ದಿನಗಳಲ್ಲಿ ಕೂತು ಮಾತಾಡಿಸಬೇಕು. ನನಗೆ ತಟ್ಟನೆ ಆ ಭುಜದ ಮುದುಕನ ಮುಖ ಕಣ್ಣಮುಂದೆ ಬಂತು.

ಮಾತಾಡಿಸುವ ಕೆಲಸಕ್ಕೆ ಸುಹಾಸ್ ಜೊತೆ ನಸ್ರೀನ್ ಇದ್ದಳು. ಮನಃಶಾಸ್ತ್ರ ಓದಿದವಳು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆತನದ ಹುಡುಗಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅಳುವವರನ್ನು ಅವರವರ ಭಾಷೆಯಲ್ಲೇ ಕೇಳಿಸಿಕೊಳ್ಳಬಲ್ಲಳು. “ಮದ್ದು ಕೊಟ್ಮೇಲೆ ಇನ್ನು ಮಾತೇನು?” ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದಳು: “ಗೂಡನ್ನ ಬಿಸಿನೀರಿಗೆ ಹಾಕಿದ ತಕ್ಷಣ ನೂಲು ತಾನಾಗೇ ಬಿಚ್ಕೊಳಲ್ಲ ಮೇಡಂ. ಎಳೆ ಸಡಿಲ ಆಗ್ತದೆ ಅಷ್ಟೆ. ತುದಿ ಹುಡುಕಿ ಬಿಚ್ಚೋರು ಬೇಕು.”

ಚಂದ್ರಶೇಖರ್ ಸುತರಾಂ ಒಪ್ಪಲಿಲ್ಲ. “ಮತ್ತು ಕೊಟ್ಟು ಮಾತಾಡಿಸ್ತಾರಂತೆ! ಅದು ನಶೆಗೆ ಬಳಸೋ ಮಾಲು ಅಂತ ಊರಿಗೆಲ್ಲ ಗೊತ್ತು. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಮರ್ಯಾದೆ?” ಎಂದರು. ಅವರ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಅದಕ್ಕೇ ಮದ್ದಿನ ಬೀರುವಿಗೆ ಎರಡು ಬೀಗ ಹಾಕಿ, ಒಂದರ ಕೀಲಿ ಅವರಿಗೇ ಕೊಟ್ಟೆವು. ಪ್ರತಿ ಸಲ ಕೊಡುವಾಗಲೂ ಉಸಿರು, ಬಿ.ಪಿ. ನೋಡುತ್ತ ನಾನು ಪಕ್ಕದಲ್ಲೇ ಕೂರುತ್ತೇನೆಂದು ಮಾತು ಕೊಟ್ಟೆ. “ಒಂದ್ಸಲ ನೋಡಿ. ಆಮೇಲೆ ಮುಚ್ಚಿ” ಎಂದು ಅವರು ಅರೆಮನಸ್ಸಿನಿಂದ ಒಪ್ಪಿದರು.

ಮೊದಲ ಸಲವೇ ಎಡವಟ್ಟಾಯಿತು. ರೋಗಿ ಗೌರಿಬಿದನೂರಿನ ನಿವೃತ್ತ ಮುಖ್ಯೋಪಾಧ್ಯಾಯರು, ಹನುಮಂತರಾಯಪ್ಪನವರು. ವರ್ಷಗಟ್ಟಲೆ ಖಿನ್ನತೆಯಿಂದ ಬಳಲಿದ್ದರು. ನಮಗೆ ಗೊತ್ತಿದ್ದದ್ದು ಆಪರೇಷನ್ ಥಿಯೇಟರಿನ ರೀತಿ ಒಂದೇ. ಹಸಿರು ಗೌನು ತೊಡಿಸಿ, ತಲೆಯ ಮೇಲೆ ದೊಡ್ಡ ದೀಪ ಹಚ್ಚಿ, ಮಾನಿಟರ್ ಕುಯ್‌ಗುಟ್ಟುತ್ತಿರುವಾಗ ಡ್ರಿಪ್ ಶುರು ಮಾಡಿದೆವು. ಏನು ಕಾಣಬಹುದು, ಏನನಿಸಬಹುದು ಎಂದು ಮೊದಲೇ ಹೇಳಿರಲಿಲ್ಲ. ಡ್ರಿಪ್ ಅರ್ಧ ಇಳಿದಿರುವಾಗ ಬೀದಿಯಲ್ಲೊಂದು ಮದುವೆ ಮೆರವಣಿಗೆ ಬ್ಯಾಂಡ್ ಸೆಟ್ಟಿನೊಂದಿಗೆ ಹೊರಟಿತು. ಮೇಷ್ಟ್ರು ಎರಡೂ ಕೈ ಎತ್ತಿ ಹೋ ಎಂದು ಕೂಗಿದರು. ಬಿ.ಪಿ. ಏರಿತು. ಡ್ರಿಪ್ ನಿಲ್ಲಿಸಿ, ಕೈ ಹಿಡಿದು, “ಇಲ್ಲೇ ಇದೀನಿ ಮೇಷ್ಟ್ರೇ, ಇಲ್ಲೇ ಇದೀನಿ” ಎನ್ನುತ್ತ ಕೂತೆ.

ಎಚ್ಚರವಾದ ಮೇಲೆ ಅವರು, “ಸತ್ತೋದೆ ಅಂದ್ಕೊಂಡೆ ಮೇಡಂ. ಸ್ವರ್ಗದಲ್ಲೂ ಬ್ಯಾಂಡ್ ಸೆಟ್ ಬಿಡಲಿಲ್ವಲ್ಲ ಅಂತ ಬೇಜಾರಾಯ್ತು” ಎಂದರು. ಅವರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಗಂಡನ ಬಾಯಿಂದ ತಮಾಷೆಯ ಮಾತು ಬಂದು ವರ್ಷಗಳಾಗಿದ್ದವಂತೆ.

ಆದರೂ ಮೇಷ್ಟ್ರಿಗೆ ಈ ಮದ್ದು ನಾಟಲಿಲ್ಲ. ಇನ್ನೂ ಎರಡು ಸಲ ಸರಿಯಾದ ರೀತಿಯಲ್ಲಿ ಕೊಟ್ಟೆವು, ಗುಣ ಕಾಣಲಿಲ್ಲ. ಸುಹಾಸ್ ಅವರನ್ನು ಬೆಂಗಳೂರಿಗೆ ವಿದ್ಯುತ್ ಚಿಕಿತ್ಸೆಗೆ ಕಳಿಸಿದ. ಜನ ಅದಕ್ಕೆ ಶಾಕ್ ಎಂದು ಹೆದರುತ್ತಾರೆ. ಮೇಷ್ಟ್ರು ಅದರಿಂದಲೇ ಎದ್ದು ಕೂತರು. ಈಗ ಪ್ರತಿ ಬೆಳಿಗ್ಗೆ ನನ್ನ ಫೋನಿಗೆ ಗುಲಾಬಿ ಹೂವಿನ ಚಿತ್ರ ಹಾಕಿ ‘ಶುಭೋದಯ’ ಎನ್ನುತ್ತಾರೆ. ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ: ನಿಮ್ಮ ಕೈಯಲ್ಲಿರುವ ಮದ್ದು ಎಲ್ಲರಿಗೂ ಆಗಬೇಕೆಂಬ ಹಟ ಬೇಡ. ರೋಗಿ ಎದ್ದು ಕೂತರೆ ಸಾಕು, ಎಬ್ಬಿಸಿದ್ದು ಯಾವುದಾದರೇನು.

ಆ ಬ್ಯಾಂಡ್ ಸೆಟ್ಟಿನ ದಿನ ನಮಗೆ ಬಹಳ ಕಲಿಸಿತು. ಹಿಂದಿನ ದಿನವೇ ರೋಗಿಯನ್ನೂ ಮನೆಯವರನ್ನೂ ಕೂರಿಸಿ ಮಾತಾಡತೊಡಗಿದೆವು. ಮೈ ಹಗುರಾಗಬಹುದು, ದೂರ ಹೋದ ಹಾಗೆ ಅನಿಸಬಹುದು, ವಾಕರಿಕೆ ಬರಬಹುದು, ಎಲ್ಲ ಇಳಿಯುತ್ತದೆ, ನಾವು ಪಕ್ಕದಲ್ಲೇ ಇರುತ್ತೇವೆ ಎಂದು ಬಿಡಿಸಿ ಹೇಳುತ್ತಿದ್ದೆವು. ಮಾನಿಟರಿನ ಸದ್ದು ತಗ್ಗಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ಅಪ್ಪ ದಿನಾ ಬೆಳಿಗ್ಗೆ ಉಸಿರು ಗಮನಿಸುತ್ತ ಕೂರುತ್ತಿದ್ದರು, ನಮ್ಮನ್ನೂ ಕೂರಿಸುತ್ತಿದ್ದರು. ಅದನ್ನೇ ರೋಗಿಗಳಿಗೆ ಹೇಳಿಕೊಟ್ಟೆ. ಹೆದರಿಕೆಯಾದಾಗ ಹಿಡಿದುಕೊಳ್ಳಲು ಅವರಿಗೊಂದು ಆಸರೆಯಾಯಿತು. ಇನ್ನು ಸದ್ದಿಲ್ಲದ ಕೋಣೆ ಬೇಕಿತ್ತು. ಇಡೀ ನರ್ಸಿಂಗ್ ಹೋಮಿನಲ್ಲಿ ಅಂಥದ್ದು ಒಂದೇ, ಹಿಂಭಾಗದಲ್ಲಿ ಬೇವಿನ ಮರದ ಪಕ್ಕದ ಚಂದ್ರಶೇಖರ್ ಅವರ ಸ್ವಂತ ಕೋಣೆ. ಕೇಳಲು ಸುಹಾಸನಿಗೆ ಧೈರ್ಯವಾಗಲಿಲ್ಲ, ನಾನೇ ಕೇಳಿದೆ. ಅವರು ಬೈದರು. ಬೈಯುತ್ತಲೇ ತಮ್ಮ ಕನ್ನಡಕ, ಪೇಪರು, ಮಧ್ಯಾಹ್ನ ಒರಗುವ ದಿಂಬು ಎತ್ತಿಕೊಂಡು ಹೋಗಿ ಸ್ಕ್ಯಾನಿಂಗ್ ಕೋಣೆಯ ಮೂಲೆಯಲ್ಲಿ ಕೂತರು. ದಿಂಬನ್ನು ಮಾತ್ರ ಮರುದಿನ ತಾವೇ ತಂದು ಇಟ್ಟರು. “ಪೇಷೆಂಟ್‌ಗೆ ಬೇಕಾಗ್ತದೆ” ಎಂದರು.

ಒಂದು ಭಾನುವಾರ ಸ್ಕಂದಗಿರಿ ಹತ್ತಿ ಇಳಿದಿದ್ದ ಇಬ್ಬರು ಹುಡುಗರು ಬೆವರಿನ ಬಟ್ಟೆಯಲ್ಲೇ ನರ್ಸಿಂಗ್ ಹೋಮಿಗೆ ಬಂದರು. ಫೋನಿನಲ್ಲಿ ಎಲ್ಲೋ ಓದಿದ್ದರಂತೆ. “ಆಂಟಿ, ಕೆಟಮಿನ್ ಸೆಷನ್ ಇಲ್ಲಿ ಕೊಡ್ತಾರಂತೆ? ನಮ್ಗೆ ಜಸ್ಟ್ ಎಕ್ಸ್‌ಪೀರಿಯೆನ್ಸ್ ಬೇಕು” ಎಂದರು. ನಾನು ಅವರನ್ನು ಕೂರಿಸಿ ನೀರು ಕೊಟ್ಟು, ಇದನ್ನು ಮಜಕ್ಕೆ ತೆಗೆದುಕೊಂಡವರ ಮೂತ್ರಕೋಶ ಏನಾಗುತ್ತದೆಂದು ನಿಧಾನವಾಗಿ, ಸವಿಸ್ತಾರವಾಗಿ ಹೇಳಿದೆ. ನೀರಿನ ಲೋಟ ಖಾಲಿಯಾಗುವ ಮೊದಲೇ ಎದ್ದು ಹೊರಟರು. ಚಂದ್ರಶೇಖರ್ ಸ್ಕ್ಯಾನಿಂಗ್ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವತ್ತಿನಿಂದ ಅವರ ಗೊಣಗಾಟ ಅರ್ಧ ಕಡಿಮೆಯಾಯಿತು.

ಈಗ ವರಲಕ್ಷ್ಮಿಯ ವಿಷಯ. ನಾನು ಈ ಬರಹಕ್ಕೆ ಕೂತದ್ದೇ ಅವಳಿಗಾಗಿ. ಹೆಸರು ಅವಳದಲ್ಲ, ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್. ಗಂಡ ನಾರಾಯಣಸ್ವಾಮಿ ನಂದಿಯ ಹತ್ತಿರ ದ್ರಾಕ್ಷಿ ಬೆಳೆಯುತ್ತಾನೆ. ಅವನೇ ಅವಳನ್ನು ಕರೆತಂದ. ಎಣ್ಣೆ ಕಾಣದ ಕೂದಲು, ನೆಲ ಬಿಟ್ಟು ಏಳದ ಕಣ್ಣು. ಕೇಳಿದ್ದಕ್ಕೆಲ್ಲ ಅವನೇ ಉತ್ತರ ಹೇಳಿದ.

“ಎರಡು ವರ್ಸದಿಂದ ಹಿಂಗೇ ಅವ್ಳೆ ಡಾಕ್ಟ್ರಮ್ಮ. ಮಾತ್ರೆ ಎಲ್ಲ ಆಯ್ತು. ಊಟ ಇಲ್ಲ, ನಿದ್ದೆ ಇಲ್ಲ. ಮನೇಲಿ ಒಬ್ಳನ್ನೇ ಬಿಡಕ್ಕೆ ಭಯ ಆಗ್ತದೆ. ತೋಟಕ್ಕೆ ಹೋದ್ರೂ ಜೀವ ಮನೇಲೇ ಇರ್ತದೆ.”

“ಶುರುವಾಗೋಕೆ ಮುಂಚೆ ಏನಾದ್ರೂ ಆಗಿತ್ತಾ?” ಎಂದು ಸುಹಾಸ್ ಕೇಳಿದ.

“ಬಸ್ಸು ಆಕ್ಸಿಡೆಂಟ್ ಆಯ್ತು ಸಾರ್, ಚಿಂತಾಮಣಿ ರೋಡಲ್ಲಿ. ಡ್ರೈವರ್ ಹೋಗ್ಬಿಟ್ಟ, ಪಾಪ. ಇವ್ಳಿಗೇನೂ ಆಗಿಲ್ಲ, ಒಂದು ತರಚು ಗಾಯ ಅಷ್ಟೇ. ಪ್ಯಾಸೆಂಜರ್‌ಗಳಿಗೂ ಏನಾಗಿಲ್ಲ. ಯಾರೂ ಇವ್ಳನ್ನ ಒಂದು ಮಾತು ಅಂದಿಲ್ಲ.”

ವರಲಕ್ಷ್ಮಿ ಅವತ್ತು ಆಡಿದ್ದು ಒಂದೇ ಮಾತು. ಸಾಯುವ ಯೋಚನೆ ಬರುತ್ತದೆಯೇ ಎಂದು ಸುಹಾಸ್ ನೇರವಾಗಿ ಕೇಳಿದಾಗ, “ಬೇರೆ ಯೋಚನೆ ಬರಲ್ಲ ಸಾರ್” ಎಂದಳು.

ಅವಳಿಗೆ ಡ್ರಿಪ್ ಹಾಕಿದ ಬೆಳಿಗ್ಗೆ ಕೋಣೆಯಲ್ಲಿ ಬೇವಿನ ಎಲೆಗಳ ನೆರಳು ಬಿಟ್ಟರೆ ಏನೂ ಅಲುಗುತ್ತಿರಲಿಲ್ಲ. ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಮಲಗಿದಳು. ಒಂದಿಷ್ಟು ಹೊತ್ತಿಗೆ ಪಟ್ಟಿಯ ಅಂಚಿನಿಂದ ನೀರು ಇಳಿಯಿತು. ಬಲಗೈ ಏನನ್ನೋ ಬಿಗಿಯಾಗಿ ಹಿಡಿದಂತೆ ಮುಷ್ಟಿಯಾಯಿತು. “ಬಸ್ಸು ನಿಂತಿದೆ” ಎಂದಳು, ಅಷ್ಟೇ. ಎದ್ದ ಮೇಲೆ ಕೇಳಿದರೆ ಏನೂ ಹೇಳಲಿಲ್ಲ. ಆದರೆ ಅದೇ ಸಂಜೆ ನಾರಾಯಣಸ್ವಾಮಿ ಫೋನ್ ಮಾಡಿದ.

“ಡಾಕ್ಟ್ರಮ್ಮ, ಮೊಸರನ್ನ ಕೇಳಿದ್ಲು. ಜೊತೆಗೆ ಉಪ್ಪಿನಕಾಯಿ. ಅವ್ಳೇ ಬಾಯಿ ಬಿಟ್ಟು ಕೇಳಿದ್ಲು!”

ನಾವೆಲ್ಲ ಕುಣಿದಾಡುವುದೊಂದು ಬಾಕಿ. ಚಂದ್ರಶೇಖರ್ ಕೂಡ, “ಮೊಸರನ್ನ ತಿಂದ್ಲಾ?” ಎಂದು ಎರಡು ಸಲ ಕೇಳಿದರು. ನಸ್ರೀನ್ ಒಬ್ಬಳೇ, “ನಾಳೆ ಮಾತಾಡೋಕೆ ಕರ್ಕೊಂಡು ಬರ್ಬೇಕು, ಮರೀಬೇಡಿ” ಎಂದು ನೆನಪಿಸಿದ್ದು. ಮರುದಿನ ಅವರು ಬರಲಿಲ್ಲ. ಫೋನ್ ಮಾಡಿದರೆ ನಾರಾಯಣಸ್ವಾಮಿ, “ಈಗ ಚೆನ್ನಾಗವ್ಳಲ್ಲಮ್ಮ. ಹಳೇದನ್ನೆಲ್ಲ ಯಾಕೆ ಕೆದಕೋದು? ದ್ರಾಕ್ಷಿ ಕಟಾವು ಬೇರೆ ಐತೆ” ಎಂದ. ನಸ್ರೀನ್ ಮತ್ತೆ ಮತ್ತೆ ಫೋನ್ ಮಾಡಿದಳು. ಬರುತ್ತೇವೆ ಎನ್ನುತ್ತಲೇ ದಿನ ದೂಡಿದರು.

ಒಂದು ವಾರ ಕಳೆದಿರಬೇಕು. ಬೆಳಗಿನ ಹೊತ್ತು ನಾರಾಯಣಸ್ವಾಮಿಯ ಫೋನು ಬಂತು. “ಅವ್ಳು ಇಲ್ಲ ಡಾಕ್ಟ್ರಮ್ಮ. ತೋಟದಿಂದ ಬಂದು ನೋಡಿದ್ರೆ ಬಾಗ್ಲು ತೆರೆದೈತೆ, ಫೋನು ಅಡುಗೆ ಮನೇಲೈತೆ.”

ಸುಹಾಸ್ ಪೊಲೀಸರಿಗೆ ತಿಳಿಸಿದ. ನಾರಾಯಣಸ್ವಾಮಿ ಊರಿನವರೊಂದಿಗೆ ಬಾವಿ, ಕೆರೆ, ರೈಲು ಹಳಿ ಎಂದು ಅಲೆದ. ನಸ್ರೀನ್ ಬಸ್ ಡಿಪೋಗೆ ಓಡಿ ಅವಳ ಜೊತೆ ಕೆಲಸ ಮಾಡಿದವರಿಗೆಲ್ಲ ಹೇಳಿದಳು. ನಾನು ಥಿಯೇಟರಿನಲ್ಲಿ ಒಂದು ಹೆರಿಗೆ ಆಪರೇಷನ್ನಿಗೆ ನಿಂತಿದ್ದೆ. ತಾಯಿಯ ಉಸಿರು ಎಣಿಸುತ್ತಿದ್ದರೂ ಕಿವಿ ಹೊರಗಿನ ಫೋನಿನ ಕಡೆಗೇ ಇತ್ತು. ಚಂದ್ರಶೇಖರ್ ಹೊಲಿಗೆ ಹಾಕುತ್ತಿದ್ದರು. ಕೊನೆಗೆ ಅವರೇ, “ನರ್ಸಮ್ಮ, ಡಾಕ್ಟ್ರಮ್ಮನ ಫೋನು ಒಳಗೆ ತಗೊಂಡ್ಬಾ” ಎಂದರು. ಥಿಯೇಟರಿನೊಳಗೆ ಫೋನು ಕಂಡರೆ ಎತ್ತಿ ಎಸೆಯುವ ಮನುಷ್ಯ ಅವರು.

ಫೋನು ಒಳಗೆ ಬಂದು ಸ್ವಲ್ಪ ಹೊತ್ತಿಗೆ ರಿಂಗಾಯಿತು. ನರ್ಸು ನನ್ನ ಕಿವಿಗೆ ಹಿಡಿದಳು. ನಸ್ರೀನ್: “ಸಿಕ್ಕಿದ್ರು ಮೇಡಂ! ಬಸ್ಸಲ್ಲಿದ್ದಾರೆ!”

ವರಲಕ್ಷ್ಮಿ ಬೆಳಿಗ್ಗೆ ಮನೆಯಿಂದ ಹೊರಟು ಚಿಂತಾಮಣಿಯ ಬಸ್ಸು ಹತ್ತಿದ್ದಳು. ಚಿಂತಾಮಣಿಯಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಶಿಡ್ಲಘಟ್ಟದ ಮೇಲೆ ವಾಪಸು ಚಿಕ್ಕಬಳ್ಳಾಪುರಕ್ಕೆ, ಮತ್ತೆ ಚಿಂತಾಮಣಿಗೆ. ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ಆ ಬಸ್ಸಿನ ಕಂಡಕ್ಟರ್ ಹೊಸ ಹುಡುಗಿ, ವರಲಕ್ಷ್ಮಿಯ ಗುರುತಿರಲಿಲ್ಲ. ಡಿಪೋದಿಂದ ಸುದ್ದಿ ಬಂದ ಮೇಲೆ ಹೋಗಿ ಪಕ್ಕದಲ್ಲಿ ಕೂತು, “ಅಕ್ಕಾ, ವರಲಕ್ಷ್ಮಕ್ಕ ಅಲ್ವಾ ನೀವು?” ಎಂದು ಕೈ ಹಿಡಿದಳಂತೆ.

ನರ್ಸಿಂಗ್ ಹೋಮಿಗೆ ಕರೆತಂದಾಗ ನಾರಾಯಣಸ್ವಾಮಿ ಬೈಯಲೂ ಆಗದೆ ಅಳಲೂ ಆಗದೆ ಬಾಗಿಲಲ್ಲಿ ನಿಂತಿದ್ದ. “ಎಲ್ಲಿಗೆ ಹೋಗ್ತಿದ್ದೆ ಕಣೇ?” ಎಂದ.

“ಎಲ್ಲಿಗೂ ಇಲ್ಲ” ಎಂದಳು ಅವಳು. “ಮನೇಲಿದ್ರೆ ಏನಾದ್ರೂ ಮಾಡ್ಕೊಂಬಿಡ್ತೀನಿ ಅನ್ನಿಸ್ತು. ಬಸ್ಸಲ್ಲಿ ನಾಲ್ಕು ಜನ ಇರ್ತಾರೆ, ಏನೂ ಮಾಡ್ಕೊಳಕ್ಕೆ ಆಗಲ್ಲ ಅಂತ ಹತ್ತಿ ಕೂತೆ. ಇಳಿಯಕ್ಕೆ ಧೈರ್ಯ ಬರ್ಲಿಲ್ಲ.”

ನಸ್ರೀನ್ ಅವಳನ್ನು ತಬ್ಬಿಕೊಂಡಳು. “ಒಳ್ಳೇ ಕೆಲ್ಸ ಮಾಡಿದ್ರಿ ಅಕ್ಕ. ಬಹಳ ಒಳ್ಳೇ ಕೆಲ್ಸ ಮಾಡಿದ್ರಿ” ಎಂದಳು. ಸಾಯಲು ಹೊರಟವಳೆಂದು ನಾವೆಲ್ಲ ಹುಡುಕುತ್ತಿದ್ದಾಗ ಅವಳು ತನ್ನನ್ನು ತಾನೇ ಕಾಯ್ದುಕೊಂಡು ಕೂತಿದ್ದಳು. ಅಷ್ಟು ಬಲ ಅವಳಲ್ಲಿ ಉಳಿದಿತ್ತು.

ಅವಳನ್ನು ಕೆಲವು ದಿನ ಅಲ್ಲೇ ಉಳಿಸಿಕೊಂಡೆವು. ಮನೆಯಲ್ಲಿದ್ದ ತೋಟದ ಔಷಧಗಳನ್ನೆಲ್ಲ ನಾರಾಯಣಸ್ವಾಮಿ ದೂರದ ಷೆಡ್ಡಿಗೆ ಸಾಗಿಸಿ ಬೀಗ ಹಾಕಿದ. ಡ್ರಿಪ್ ಮತ್ತೆ ಶುರುವಾಯಿತು. ಈ ಸಲ ಪ್ರತಿ ಡ್ರಿಪ್ಪಿನ ಮರುದಿನವೂ ತಪ್ಪದೆ ಮಾತು. ಅವಳೇ ಕೇಳಿಕೊಂಡಿದ್ದರಿಂದ ಆ ಮಾತಿಗೂ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಅಷ್ಟು ವರ್ಷ ರೋಗಿ ಮಾತಾಡದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಈಗ ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದನ್ನು ನನ್ನ ಅರ್ಧ ವಯಸ್ಸಿನ ನಸ್ರೀನಳಿಂದ ಕಲಿತೆ. ಅವಳು ಅವಸರಪಡಿಸುತ್ತಿರಲಿಲ್ಲ. ಎದುರಿನವರು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತಿದ್ದಳು.

ಮುಂದಿನ ಒಂದು ಡ್ರಿಪ್ಪಿನಲ್ಲಿ ವರಲಕ್ಷ್ಮಿ ಸ್ಪಷ್ಟವಾಗಿ ಮಾತಾಡಿದಳು. “ರೆಡ್ಡಣ್ಣ ಕನ್ನಡೀಲಿ ನೋಡ್ತಾ ಇದ್ದಾನೆ. ಸೀಟಿಗೆ ಕಾಯ್ತಾ ಇದ್ದಾನೆ. ನಾನು ಊದಲ್ಲ. ಊದಲ್ಲ.” ಮುಷ್ಟಿ ಬಾಯಿಯ ಹತ್ತಿರ ಹೋಗಿ ನಿಂತಿತ್ತು. ರೆಡ್ಡಣ್ಣ ಎಂದರೆ ತೀರಿಕೊಂಡ ಡ್ರೈವರ್. ವರ್ಷಗಟ್ಟಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸ ಮಾಡಿದವರು.

ಮರುದಿನ ಎಲ್ಲ ಹೊರಗೆ ಬಂತು. ಅಪಘಾತದ ದಿನ ಒಂದು ಸ್ಟಾಪಿನಲ್ಲಿ ಜನ ಇಳಿದ ಮೇಲೆ ಅವಳು ಸೀಟಿ ಊದಿದಳು, ದಿನಾ ಊದುವ ಹಾಗೆಯೇ. ಬಸ್ಸು ಹೊರಟಿತು. ಮುಂದಿನ ತಿರುವಿನಲ್ಲಿ ಎದುರಿನಿಂದ ಲಾರಿ ದಿಕ್ಕು ತಪ್ಪಿ ಬಂತು. “ಇನ್ನೊಂದು ಚೂರು ಹೊತ್ತು ನಿಲ್ಸಿದ್ರೆ ಲಾರಿ ದಾಟಿ ಹೋಗ್ತಿತ್ತು. ಒಬ್ಬಜ್ಜಿ ಚೀಲ ಇಳಿಸ್ಕೊಡು ಅಂದ್ಲು. ಬೇರೆಯೋರು ಇಳಿಸಿದ್ರು ಅಂತ ನಾನು ಸೀಟಿ ಊದ್ದೆ. ನಾನೇ ಇಳಿಸಕ್ಕೆ ಹೋಗಿದ್ರೆ ರೆಡ್ಡಣ್ಣ ಇರ್ತಿದ್ದ. ಸೀಟಿ ಯಾರ ಕೈಲಿತ್ತು ಅಂತ ಯಾರೂ ಕೇಳ್ಲಿಲ್ಲ. ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

ನಾರಾಯಣಸ್ವಾಮಿ ಮೂಲೆಯಲ್ಲಿ ಕೂತು ಕೇಳುತ್ತಿದ್ದ. “ಎರಡು ವರ್ಸ ಇದನ್ನ ಒಬ್ಳೇ ಹೊತ್ಕೊಂಡಿದ್ಯಾ?” ಎಂದ. “ಕೆದಕೋದು ಬೇಡ ಅಂದಿದ್ದು ನಾನೇ” ಎಂದು ಹೆಂಡತಿಯ ಪಾದದ ಹತ್ತಿರ ನೆಲದ ಮೇಲೆ ಬಂದು ಕೂತ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಒಂದು ಹೆಜ್ಜೆ ಹಿಂದೆ. ಆದರೆ ಊಟ ಹತ್ತಿತು, ನಿದ್ದೆ ಬಂತು. ಸಾಯುವ ಯೋಚನೆ ಮೊದಲು ದಿನಕ್ಕೆ ಕೆಲವು ಸಲಕ್ಕೆ ಇಳಿಯಿತು, ಆಮೇಲೆ ಬರುವುದೇ ಅಪರೂಪವಾಯಿತು. ಡ್ರಿಪ್‌ಗಳ ನಡುವಿನ ಅಂತರ ಹೆಚ್ಚಿಸುತ್ತ ಹೋಗಿ ಕೊನೆಗೆ ನಿಲ್ಲಿಸಿದೆವು, ಮಾತ್ರೆ ಮತ್ತು ಮಾತು ಮುಂದುವರಿದವು. ಒಂದು ದಿನ ಅವಳೇ, “ರೆಡ್ಡಣ್ಣನ ಮನೆಗೆ ಹೋಗ್ಬೇಕು. ಅವನು ಹೋದಾಗಿಂದ ಪದ್ಮಕ್ಕನ ಮುಖ ನೋಡಿಲ್ಲ” ಎಂದಳು. ಪದ್ಮಕ್ಕ ಎಂದರೆ ರೆಡ್ಡಣ್ಣನ ಹೆಂಡತಿ ಪದ್ಮಮ್ಮ. ನಸ್ರೀನ್ ತಾನೂ ಬರಬಹುದೇ ಎಂದು ಕೇಳಿದಳು. ವರಲಕ್ಷ್ಮಿ ಸ್ವಲ್ಪ ಯೋಚಿಸಿ, “ನೀವು ಬಂದ್ರೆ ಆಸ್ಪತ್ರೆಯೋರು ಬಂದಂಗಾಗ್ತದೆ. ಡಾಕ್ಟ್ರಮ್ಮ ಬರ್ಲಿ, ನೋಡಕ್ಕೆ ನಮ್ಮತ್ತೆ ಥರ ಇದ್ದಾರೆ” ಎಂದಳು.

ಹೀಗಾಗಿ ಅವರೆಕಾಯಿಯ ಕಾಲದ ಒಂದು ಬೆಳಿಗ್ಗೆ ನಾರಾಯಣಸ್ವಾಮಿಯ ವ್ಯಾನಿನಲ್ಲಿ ಚಿಂತಾಮಣಿಯ ಆಚೆಗಿನ ಆ ಊರಿಗೆ ಹೋದೆವು. ದಾರಿಯುದ್ದಕ್ಕೂ ವರಲಕ್ಷ್ಮಿ ನನ್ನ ಕೈ ಬಿಡಲಿಲ್ಲ. ಬೆರಳುಗಳು ತಣ್ಣಗಿದ್ದವು. ಅಭ್ಯಾಸಬಲದಿಂದ ನಾನು ಅವಳ ನಾಡಿ ನೋಡಿದೆ, ಓಡುತ್ತಿತ್ತು. ನಾರಾಯಣಸ್ವಾಮಿ ಒಳಗೆ ಬರಲಿಲ್ಲ. “ನಾನು ಇಲ್ಲೇ ಇರ್ತೀನಿ” ಎಂದು ವ್ಯಾನಿನ ಹತ್ತಿರವೇ ನಿಂತ.

ಪದ್ಮಮ್ಮ ನಡುಮನೆಯಲ್ಲಿ ಅವರೆಕಾಯಿಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ತಲೆಯೆತ್ತಿ ನೋಡಿದರು. ಕೈ ನಿಂತಿತು. ವರಲಕ್ಷ್ಮಿ ಹೊಸ್ತಿಲಲ್ಲೇ ನಿಂತಳು, ಕೂರಲೂ ಇಲ್ಲ, ಕ್ಷೇಮ ಕೇಳಲೂ ಇಲ್ಲ.

“ಅಕ್ಕಾ, ಅವತ್ತು ಸೀಟಿ ಊದಿದ್ದು ನಾನು.”

ಪದ್ಮಮ್ಮನಿಗೆ ಮಾತು ಅರ್ಥವಾದಂತೆ ಕಾಣಲಿಲ್ಲ. “ನೀನೇ ಅಲ್ವೇನಮ್ಮ ಕಂಡಕ್ಟ್ರು? ಸೀಟಿ ಊದದೇ ಇದ್ರೆ ಬಸ್ಸು ಹೆಂಗೆ ಹೋಗ್ತದೆ?” ಎಂದರು. ಆಮೇಲೆ ವರಲಕ್ಷ್ಮಿಯ ಮುಖವನ್ನು ನೋಡುತ್ತ ನೋಡುತ್ತ ಅವರಿಗೆ ತಿಳಿಯಿತು. ಎದ್ದು ಬಂದರು. ಸಿಪ್ಪೆ ಅಂಟಿದ ಕೈಯಲ್ಲೇ ಅವಳ ಗಲ್ಲ ಹಿಡಿದರು. ಮಾತು ತಾನಾಗಿ ತೆಲುಗಿಗೆ ತಿರುಗಿತು. “ಇನ್ನಾಳ್ಳೂ ಎಕ್ಕಡ ಪೋಯಿನಾವಮ್ಮಾ? ಆಯನ ಗುರಿಂಚಿ ಮಾಟ್ಲಾಡೇದಾನಿಕಿ ನಾಕೆವರುನ್ನಾರು?”

ಇಷ್ಟು ದಿನ ಎಲ್ಲಿಗೆ ಹೋಗಿದ್ದೆಯಮ್ಮ, ಅವರ ವಿಷಯ ಮಾತಾಡೋಣ ಅಂದರೆ ನನಗೆ ಯಾರಿದ್ದಾರೆ ಎಂದು ಆಕೆ ಕೇಳುತ್ತಿದ್ದರು. ದಿನದ ಹೆಚ್ಚು ಹೊತ್ತು ರೆಡ್ಡಿಯ ಜೊತೆ ಕಳೆದವಳು ವರಲಕ್ಷ್ಮಿಯೇ. ಅವಳು ಬಂದಾಳು, ಕೂತು ಮಾತಾಡಿಯಾಳು ಎಂದು ಪದ್ಮಮ್ಮ ಇಷ್ಟು ಕಾಲವೂ ಕಾದಿದ್ದರು. ಬಾರದಿದ್ದಾಗ ಮರೆತಳೆಂದುಕೊಂಡಿದ್ದರು.

ಇಬ್ಬರೂ ಅತ್ತರು. ನಾನು ಸುಮ್ಮನೆ ಕೂತು ಅವರೆಕಾಯಿ ಸುಲಿದೆ. ಅತ್ತು ಮುಗಿದ ಮೇಲೆ ಅವರೂ ರಾಶಿಯ ಎರಡು ಕಡೆ ಕೂತರು. ಕಾಯಿ ಬಿಡಿಸುತ್ತ ಪದ್ಮಮ್ಮ ಹೇಳಿದರು: “ಮನೇಲೂ ಬಸ್ಸಿನ ಮಾತೇ ಕಣಮ್ಮ ಅವ್ರದು. ಇನ್ನೊಂದು ಮುದ್ದೆ ಹಾಕಕ್ಕೆ ಹೋದ್ರೆ ತಟ್ಟೆ ಮೇಲೆ ಕೈ ಅಡ್ಡ ಇಟ್ಟು ‘ಹೋಲ್ಡಾನ್’ ಅನ್ನೋರು.”

“ಸಾರು ಸಾಕಾಗಿಲ್ಲ ಅಂದ್ರೆ?” ಎಂದು ವರಲಕ್ಷ್ಮಿ ಕೇಳಿದಳು.

“ರೈಟ್ ರೈಟ್!”

ವರಲಕ್ಷ್ಮಿ ಫಕ್ಕನೆ ನಕ್ಕುಬಿಟ್ಟಳು. ನಗುವನ್ನು ತಡೆಯಲು ನೋಡಿದಳು, ಆಗಲಿಲ್ಲ. ಅವಳನ್ನು ನೋಡಿ ಪದ್ಮಮ್ಮನಿಗೂ ನಗು ಬಂತು. ಬಸ್ಸಿನಲ್ಲಿ ರೆಡ್ಡಿ ಏನೇನು ಮಾಡುತ್ತಿದ್ದ, ಯಾರನ್ನು ಹೇಗೆ ರೇಗಿಸುತ್ತಿದ್ದ ಎಂದು ಇವಳು ಒಂದು ಹೇಳಿದರೆ ಅವರು ಇನ್ನೊಂದು. ನಾನು ಮೆಲ್ಲನೆ ಎದ್ದು ಹೊರಗೆ ಬಂದೆ.

ನಾರಾಯಣಸ್ವಾಮಿ ವ್ಯಾನು ಬಿಟ್ಟು ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಒರೆಸಿಕೊಂಡ. ಒಳಗಿನಿಂದ ಮತ್ತೆ ನಗು ಕೇಳಿಸಿತು. ಬಿಸಿಲು ಏರುತ್ತಿತ್ತು, ಅವನಿಗೆ ತೋಟದಲ್ಲಿ ಕೆಲಸವಿದೆ ಎಂಬುದು ನನಗೆ ನೆನಪಾಯಿತು.

“ಕರೀಲೇನಪ್ಪ ಅವಳನ್ನ, ಹೊರಡೋಣ್ವಾ?” ಎಂದೆ.

“ಬೇಡ ಬಿಡಿ ಡಾಕ್ಟ್ರಮ್ಮ” ಎಂದ ಅವನು. “ಯಾಕೆ ಅವಸರ? ಕಾಯಿ ಇನ್ನೂ ಬೇಕಾದಷ್ಟೈತೆ.”